ವರದಿಯ ಮುಖ ನಮ್ಮ ಕಡೆ ತಿರುಗಿಸಿ: ನಗರಸಭೆಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ, ಅಧ್ಯಕ್ಷರಿಗೆ ಮತ್ತು ಎಲ್ಲ ವಾರ್ಡುಗಳ ಸದಸ್ಯರಿಗೆ,

ನಮಸ್ಕಾರ.

ನಾನು ನಗರಸಭೆ ಕಚೇರಿ ಎದುರು ಝೆರಾಕ್ಸ್ ಅಂಗಡಿ ನಡೆಸುವವಳು. ಹದಿನಾರು ವರ್ಷವಾಯಿತು. ಖಾತೆ ಬದಲಾವಣೆಗೆ ಬರುವವರು, ಮನೆ ಕಂದಾಯ ಕಟ್ಟುವವರು, ಜನನ ಪ್ರಮಾಣಪತ್ರ ಬೇಕಾದವರು, ಹೊಸ ನಲ್ಲಿಗೆ ಅರ್ಜಿ ಹಾಕುವವರು, ಎಲ್ಲರೂ ಮೊದಲು ನನ್ನ ಅಂಗಡಿಗೆ ಬಂದು ಆಮೇಲೆ ನಿಮ್ಮ ಮೆಟ್ಟಿಲು ಹತ್ತುತ್ತಾರೆ. ಬರೆಯಲು ಬಾರದವರಿಗೆ ಅರ್ಜಿಯನ್ನೂ ನಾನೇ ಬರೆದುಕೊಡುತ್ತೇನೆ. ಹಾಗಾಗಿ ಊರಿನ ಜನ ನಿಮ್ಮ ಹತ್ತಿರ ಏನು ಕೇಳಲು ಬರುತ್ತಾರೆ, ಏನು ಕೇಳದೆ ವಾಪಸ್ ಹೋಗುತ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಊರಿನ ಹೆಸರು ಬರೆಯುತ್ತಿಲ್ಲ. ಯಾರೊಬ್ಬರ ಮೇಲೂ ಬೊಟ್ಟು ಮಾಡುವುದು ನನ್ನ ಉದ್ದೇಶವಲ್ಲ. ಬೇರೆ ನಗರಸಭೆ, ಪುರಸಭೆಗಳವರು ಓದಿದರೆ ತಮಗೇ ಬರೆದದ್ದು ಅಂದುಕೊಳ್ಳಲಿ.

ಪ್ರತಿ ತಿಂಗಳ ಮೊದಲ ವಾರ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ಫೈಲು ಹಿಡಿದು ಓಡಿ ಬರುತ್ತಾರೆ. 'ಅಕ್ಕಾ, ನಾಳೆ ಡಿಸಿ ಆಫೀಸಲ್ಲಿ ಮೀಟಿಂಗ್. ಬೇಗ ಎಂಟು ಸೆಟ್ ಮಾಡ್ಕೊಡಿ.' ಉದ್ದನೆಯ ಲೀಗಲ್ ಹಾಳೆಗಳು. ಅಡ್ಡಡ್ಡ ಕೋಷ್ಟಕ. ಕ್ರಮ ಸಂಖ್ಯೆ, ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ, ಕೊನೆಯಲ್ಲಿ ಷರಾ. ಎಂಜಿನಿಯರಿಂಗ್ ಶಾಖೆಯದ್ದು ನಾಲ್ಕು ಹಾಳೆ. ಆರೋಗ್ಯ ಶಾಖೆಯದ್ದು, ಕಂದಾಯ ಶಾಖೆಯದ್ದು, ನೀರು ಸರಬರಾಜಿನದ್ದು, ಮಹಿಳಾ ಸ್ವಸಹಾಯ ಸಂಘಗಳ ಸಾಲದ್ದು ಒಂದೊಂದು ಹಾಳೆ. ಒಳಗಿನ ವಿಷಯ ಓದುವುದು ನನ್ನ ಕೆಲಸವಲ್ಲ, ಓದಿ ಹೊರಗೆ ಹೇಳುವವಳೂ ನಾನಲ್ಲ. ಆದರೆ ಗಾಜಿನ ಮೇಲೆ ಹಾಳೆ ತಿರುಗಿಸಿ ಇಡುವಾಗ ತಲೆಬರಹ ಕಣ್ಣಿಗೆ ಬೀಳುತ್ತದೆ. 'ಮಾಸಿಕ ಪ್ರಗತಿ ವರದಿ.'

ಇದನ್ನು ನೋಡಿದಾಗಲೆಲ್ಲ ನನಗೆ ಒಂದೇ ಯೋಚನೆ ಬರುತ್ತದೆ. ಊರಿನ ಪ್ರತಿ ಚರಂಡಿ, ಪ್ರತಿ ಪೈಪು, ಪ್ರತಿ ದೀಪದ ಲೆಕ್ಕ ತಿಂಗಳು ತಿಂಗಳು ಬರೆಯುತ್ತಿದ್ದಾರೆ. ಯಾರೋ ರಾತ್ರಿ ಎಂಟು ಗಂಟೆಯವರೆಗೆ ಕೂತು ಟೈಪ್ ಮಾಡಿದ್ದಾರೆ. ಈ ವರದಿ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯದವರೆಗೂ ಲೆಕ್ಕ ಹೋಗುತ್ತದೆ. ರಸ್ತೆ ದಾಟಿ ನಮ್ಮ ಕಡೆ ಮಾತ್ರ ಬರೋದಿಲ್ಲ. ವರದಿ ಬರೆಯಿರಿ ಅಂತ ನಾನು ಕೇಳಬೇಕಾಗಿಲ್ಲ, ಬರೆದದ್ದು ಇದೆ. ಅದರ ಮುಖ ಮೇಲಿನವರ ಕಡೆ ಇದೆ. ತಿಂಗಳಿಗೊಂದು ಸಲ ನಮ್ಮ ಕಡೆಗೂ ತಿರುಗಿಸಿ. ನನ್ನ ಕೋರಿಕೆ ಇಷ್ಟೇ.

ಯಾಕೆ ಬೇಕು ಅಂತ ನಮ್ಮ ಬೀದಿಯ ಉದಾಹರಣೆಯಿಂದಲೇ ಹೇಳುತ್ತೇನೆ. ಯುಜಿಡಿ, ಅಂದರೆ ಒಳಚರಂಡಿ, ಪೈಪ್ ಹಾಕಲು ನಮ್ಮ ಬೀದಿಯನ್ನು ಅಗೆದರು. ಒಳ್ಳೆಯ ಕೆಲಸ, ಯಾರೂ ಬೇಡ ಅನ್ನಲಿಲ್ಲ. ಪೈಪ್ ಹೂತರು, ಚೇಂಬರ್ ಕಟ್ಟಿದರು, ಮೇಲೆ ಮಣ್ಣು ಎಳೆದು ಹೋದರು. ಆಮೇಲೆ ಎಂಟು ತಿಂಗಳು ಯಾರೂ ಬರಲಿಲ್ಲ. ಮಳೆ ಬಂದಾಗ ಮಣ್ಣು ಕುಸಿದು ಚೇಂಬರಿನ ಬಾಯಿ ರಸ್ತೆಗಿಂತ ಒಂದು ಗೇಣು ಮೇಲೆ ಎದ್ದು ನಿಂತಿತು. ನಮ್ಮ ಪಕ್ಕದ ಮನೆಯ ಅಜ್ಜಿ ಹಾಲು ತರಲು ಹೋದವರು ಅದಕ್ಕೆ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬಿದ್ದ ಹಾಲಿನ ಪ್ಯಾಕೆಟ್ಟನ್ನು ಇನ್ನೊಂದು ಕೈಯಲ್ಲಿ ಎತ್ತಿಕೊಂಡೇ ಮನೆಗೆ ಬಂದಿದ್ದರು.

ಅವರ ಮಗ ಕಚೇರಿಗೆ ಹೋಗಿ ವಿಚಾರಿಸಿದ. 'ಕಾಮಗಾರಿ ಪ್ರಗತಿಯಲ್ಲಿದೆ' ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಹಾಳೆಯಲ್ಲಿ ಷರಾ ಕಾಲಂನಲ್ಲಿ ಇದ್ದದ್ದೇ ಅದು. ಆದರೆ ಆ ಒಂದು ಪದದ ಕೆಳಗೆ ಎಷ್ಟೊಂದು ಸಂಗತಿ ಇರಬಹುದು ನೋಡಿ. ಕೆಲಸದವರು ಬಂದಿದ್ದಾರೆ ಅಂತಲೂ ಆಗಬಹುದು. ಬಿಲ್ ಪಾಸಾಗದೆ ಗುತ್ತಿಗೆದಾರ ನಿಲ್ಲಿಸಿದ್ದಾನೆ ಅಂತಲೂ ಆಗಬಹುದು. ಮುಂದಿನ ಬೀದಿಯ ಸಂಪರ್ಕ ಮುಗಿಯದೆ ಇಲ್ಲಿ ಡಾಂಬರು ಹಾಕುವ ಹಾಗಿಲ್ಲ ಅಂತಲೂ ಇರಬಹುದು. ನಮ್ಮ ಬೀದಿಯಲ್ಲಿ ನಿಜವಾಗಿ ಆಗಿದ್ದು ಮೂರನೆಯದು. ಅಗೆದು ಮುಚ್ಚಿದ ಮಣ್ಣು ಒಂದು ಮಳೆಗಾಲ ಕೂತ ಮೇಲೆ ರಸ್ತೆ ಮಾಡಿದರೆ ಒಳ್ಳೆಯದು ಅನ್ನೋದೂ ಅದರ ಜೊತೆ ಸೇರಿತ್ತು. ಇದನ್ನು ನಮಗೆ ಹೇಳಿದ್ದು ಎಂಟನೇ ತಿಂಗಳಲ್ಲಿ, ಅದೂ ದಾರಿಯಲ್ಲಿ ಸಿಕ್ಕ ಒಬ್ಬ ಕಿರಿಯ ಎಂಜಿನಿಯರ್. ಕೇಳಿದ ತಕ್ಷಣ ಬೀದಿಯವರೆಲ್ಲ 'ಹೌದಾ, ಸರಿ ಹಾಗಾದ್ರೆ' ಅಂದರು. ಚೇಂಬರಿನ ಸುತ್ತ ಕಲ್ಲು ಜೋಡಿಸಿ, ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟರು. ಇದೇ ಮಾತನ್ನು ಮೊದಲ ತಿಂಗಳೇ ಹೇಳಿದ್ದರೆ ಆ ಕೋಲು ಆವತ್ತೇ ನೆಟ್ಟಿರುತ್ತಿತ್ತು. ಅಜ್ಜಿಯ ಕೈ ಉಳಿಯುತ್ತಿತ್ತು.

ಜನಕ್ಕೆ ತಾಳ್ಮೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರಣ ಗೊತ್ತಿದ್ದರೆ ನಮ್ಮ ಜನ ಎಷ್ಟು ಬೇಕಾದರೂ ಕಾಯುತ್ತಾರೆ. ನೀರಿನ ವಿಷಯದಲ್ಲಿ ದಿನಾ ನೋಡುತ್ತಿದ್ದೇವಲ್ಲ.

ನಮ್ಮ ವಾರ್ಡಿಗೆ ನೀರು ಬಿಡುವ ವಾಲ್‌ಮನ್ ಒಬ್ಬರಿದ್ದಾರೆ. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀ ಇಟ್ಟುಕೊಂಡು ಹಳೇ ಸೈಕಲ್ಲಿನಲ್ಲಿ ಬರುತ್ತಾರೆ. ರಸ್ತೆ ಮಧ್ಯದ ಗುಂಡಿಯ ಮುಚ್ಚಳ ಎತ್ತಿ, ಕೀ ಇಳಿಸಿ, ಇಡೀ ಮೈಭಾರ ಹಾಕಿ ತಿರುಗಿಸುತ್ತಾರೆ. ತಿರುಗಿಸುತ್ತಲೇ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ: 'ಇವತ್ತು ಜಾಸ್ತಿ ಹಿಡ್ಕಳ್ರಮ್ಮಾ. ನಾಡಿದ್ದು ಬರಾಕಿಲ್ಲ. ಜಾಕ್‌ವೆಲ್ ಮೋಟ್ರು ಸುಟ್ಟೋಗೈತೆ, ಬಿಚ್ಕಂಡ್ ಹೋಗವ್ರೆ. ಇನ್ನು ನಾಕ್ ದಿನ.' ಜಾಕ್‌ವೆಲ್ ಅಂದರೆ ಊರಿಗೆ ನೀರೆತ್ತುವ ಬಾವಿ. ಮುಗಿಯಿತು. ಯಾರೂ ಜಗಳ ಮಾಡುವುದಿಲ್ಲ. ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆ ಕೂಡ ತುಂಬಿಸಿಕೊಳ್ಳುತ್ತಾರೆ.

ನನ್ನ ಪ್ರಕಾರ ನಗರಸಭೆಯ ನಿಜವಾದ ವರದಿ ಈಗ ಕೊಡುತ್ತಿರುವವರು ಅವರೊಬ್ಬರೇ. ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ, ಯಾವತ್ತು ಸರಿಹೋಗುತ್ತದೆ, ಅಲ್ಲಿಯವರೆಗೆ ನಾವೇನು ಮಾಡಬೇಕು. ಐದು ಸಣ್ಣ ಮಾತಿನಲ್ಲಿ ನಾಲ್ಕೂ ಇದೆ. ನೀವು ಹೊರಡಿಸುವ ವರದಿ ಆ ವಾಲ್‌ಮನ್ ಮಾತಿನ ಹಾಗಿರಲಿ. 'ಸದರಿ ಕಾಮಗಾರಿಯು ಅನುಷ್ಠಾನದ ಹಂತದಲ್ಲಿದ್ದು' ಅಂತ ಶುರುವಾದರೆ ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ಎರಡನೇ ಸಾಲಿಗೇ ಬಿಟ್ಟುಬಿಡುತ್ತಾರೆ.

ಇನ್ನು ನನ್ನ ತವರೂರಿನ ಒಂದು ಸಂಗತಿ. ಕೆಲವು ವರ್ಷದ ಹಿಂದೆ ಗೌರಿ ಹಬ್ಬಕ್ಕೆ ಮುಂಚೆ ಊರಿಗೆ ಹೋಗಿದ್ದೆ. ಪಂಚಾಯಿತಿ ಮುಂದೆ ಶಾಮಿಯಾನ ಹಾಕಿದ್ದರು. ಏನು ಅಂದರೆ 'ಜಮಾಬಂದಿ' ಅಂದರು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಹಿಂದಿನ ವರ್ಷದ ಲೆಕ್ಕವನ್ನೂ ಕಾಮಗಾರಿಗಳನ್ನೂ ಜನರ ಎದುರೇ ಪರಿಶೀಲಿಸಬೇಕು. 2004ರಿಂದ ಅದಕ್ಕೆ ನಿಯಮವೇ ಇದೆ. ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದು ಕೂತಿದ್ದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಒಂದೊಂದೇ ಕೆಲಸ ಓದುತ್ತಿದ್ದರು. ಶಾಲೆಯ ಹಿಂದಿನ ಚರಂಡಿ, ಎಂಬತ್ತು ಮೀಟರ್, ಇಷ್ಟು ರೂಪಾಯಿ.

ನಮ್ಮ ದೊಡ್ಡಪ್ಪ ಎದ್ದು ನಿಂತರು. 'ಅದು ಎಂಬತ್ತು ಮೀಟ್ರು ಎಲ್ಲೈತೆ? ಅಳ್ದು ನೋಡಾನ ನಡೀರಿ.' ಅಧಿಕಾರಿ ಬೇಡ ಅನ್ನಲಿಲ್ಲ. ಟೇಪು ಹಿಡಿದು ಎಲ್ಲರೂ ಹೊರಟರು, ಹಿಂದೆ ಮಕ್ಕಳ ದಂಡು. ಕಣ್ಣಿಗೆ ಕಾಣುವ ಚರಂಡಿ ಅರವತ್ತು ಮೀಟರ್ ಚಿಲ್ಲರೆ ಬಂತು. ದೊಡ್ಡಪ್ಪ ನೋಡಿದಿರಾ ಅನ್ನುವ ಹಾಗೆ ತಲೆ ಎತ್ತಿದರು. ಆಗ ಪಿಡಿಒ ಶಾಲೆ ಕಾಂಪೌಂಡ್ ಪಕ್ಕಕ್ಕೆ ಕರೆದುಕೊಂಡು ಹೋಗಿ ಕಾಲಿಂದ ಮಣ್ಣು ಸರಿಸಿದರು. ಕೆಳಗೆ ಕಲ್ಲು ಚಪ್ಪಡಿ. ಅದರ ಕೆಳಗೂ ಚರಂಡಿ. ಮಕ್ಕಳು ಬೀಳಬಾರದು ಅಂತ ಅಲ್ಲಿ ಮುಚ್ಚಿದ್ದರು. ಸೇರಿಸಿ ಅಳೆದರೆ ಎಂಬತ್ತು ಸರಿಯಾಗಿತ್ತು. ದೊಡ್ಡಪ್ಪ ಪಿಡಿಒ ಹೆಗಲ ಮೇಲೆ ಕೈಯಿಟ್ಟು 'ಸರಿ ಐತೆ ಬಿಡಪ್ಪ' ಅಂದರು. ಆ ಪಿಡಿಒ ಹುಡುಗನ ಮುಖದಲ್ಲಿ ಕಂಡ ನಿರಾಳ ನನಗೆ ಇನ್ನೂ ನೆನಪಿದೆ. ವರ್ಷದಿಂದ ಊರಲ್ಲಿ ಓಡಾಡುತ್ತಿದ್ದ ಒಂದು ಅನುಮಾನ ಅರ್ಧ ಗಂಟೆಯಲ್ಲಿ ಹೋಯಿತು.

ಎಲ್ಲ ಕಡೆ ಜಮಾಬಂದಿ ಹೀಗೇ ನಡೆಯುತ್ತದೆ ಅಂತ ನಾನು ಹೇಳಲಾರೆ. ಆದರೆ ಹಳ್ಳಿಯವರಿಗೆ ಹಾಗೆ ಎದ್ದು ನಿಂತು ಕೇಳಲು ಒಂದು ಜಾಗ ಇದೆ. ವಾರ್ಡ್ ಸಭೆ, ಗ್ರಾಮ ಸಭೆ, ಜಮಾಬಂದಿ, ಎಲ್ಲ ಇದೆ. ದೊಡ್ಡ ನಗರಗಳಿಗೆ ವಾರ್ಡ್ ಸಮಿತಿ ಇದೆ. ನಗರಗಳ ಆಡಳಿತಕ್ಕೆ ಸಂವಿಧಾನದಲ್ಲಿ ಜಾಗ ಕೊಟ್ಟ 74ನೇ ತಿದ್ದುಪಡಿ 1992ರಲ್ಲಿ ಆಯಿತು, 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಡೆ ವಾರ್ಡ್ ಸಮಿತಿ ಇರಲೇಬೇಕು. ನಮ್ಮ ರಾಜ್ಯದಲ್ಲಿ 50 ಸಾವಿರದಿಂದ 3 ಲಕ್ಷದವರೆಗಿನ ಊರುಗಳು ನಗರಸಭೆ, 20 ಸಾವಿರದಿಂದ 50 ಸಾವಿರದವರೆಗಿನವು ಪುರಸಭೆ. ಅಂದರೆ ನಾವೆಲ್ಲ ಆ 3 ಲಕ್ಷದ ಗೆರೆಯ ಕೆಳಗೆ ಉಳಿದವರು. ಹಳ್ಳಿಯೂ ಅಲ್ಲ, ದೊಡ್ಡ ನಗರವೂ ಅಲ್ಲ. ಹಳ್ಳಿ ಬಿಟ್ಟು ಇಲ್ಲಿಗೆ ಬಂದ ಮೇಲೆ ನಾನು ಕಳೆದುಕೊಂಡದ್ದು ಇದನ್ನೇ. ನನ್ನ ಮನೆ ಮುಂದಿನ ಚರಂಡಿಯ ಉದ್ದವನ್ನು ನನಗೆ ಓದಿ ಹೇಳುವವರು ಇಲ್ಲಿ ಯಾರೂ ಇಲ್ಲ.

ಹಾಗಂತ ಕಾನೂನು ನಮ್ಮನ್ನು ಪೂರ್ತಿ ಮರೆತಿಲ್ಲ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಜನ ಅದನ್ನು ಅರ್ಜಿ ಹಾಕುವ ಕಾಯ್ದೆ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಷ್ಟೋ ಜನರಿಗೆ ಪದ ಎಣಿಸಿ ಎಣಿಸಿ ಬರೆದುಕೊಟ್ಟಿದ್ದೇನೆ. ಒಮ್ಮೆ ಕಾಯ್ದೆಯ ಪ್ರತಿ ಝೆರಾಕ್ಸ್‌ಗೆ ಬಂದಾಗ ನನಗೂ ಒಂದು ಸೆಟ್ ಮಾಡಿಟ್ಟುಕೊಂಡು ರಾತ್ರಿ ಓದಿದೆ. ನಾಲ್ಕನೇ ಸೆಕ್ಷನ್ ಓದಿ ಎದ್ದು ಕೂತೆ. ಜನ ಕೇಳುವ ಮೊದಲೇ ಕಚೇರಿಗಳು ತಾವಾಗಿಯೇ ಹೇಳಬೇಕಾದ 17 ವಿಷಯಗಳು ಅಲ್ಲಿವೆ. ಬಜೆಟ್ ಎಷ್ಟು, ಯಾವ ಯೋಜನೆಗೆ ಎಷ್ಟು ಖರ್ಚಾಯಿತು, ಸಹಾಯಧನ ಯಾರಿಗೆ ಸಿಕ್ಕಿತು, ಎಲ್ಲ. ಆಗಾಗ, ತಾವಾಗಿಯೇ, ಜನ ಅರ್ಜಿ ಹಾಕುವ ಗೋಜಿಗೇ ಹೋಗದ ಹಾಗೆ ಹೇಳಬೇಕು ಅಂತ ಇದೆ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಅಂತ ದಾರಿಗಳನ್ನೂ ಹೇಳಿದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತಲೂ ಇದೆ.

ಹಾಗಿದ್ದರೆ ನಾನು ಬರೆದುಕೊಟ್ಟ ಅರ್ಜಿಗಳಲ್ಲಿ ಎಷ್ಟೋ ಅರ್ಜಿ ಬೇಕೇ ಇರಲಿಲ್ಲ, ಅಲ್ವಾ? 'ನಮ್ಮ ಬೀದಿ ದೀಪ ಯಾವಾಗ ಹಾಕುತ್ತೀರಿ' ಅಂತ ಕೇಳಲು ಒಬ್ಬ ಗಾರೆ ಕೆಲಸದವನು ಅರ್ಧ ದಿನದ ಕೂಲಿ ಬಿಟ್ಟು ಬರುತ್ತಾನೆ. ಅವನಿಗೆ ಉತ್ತರ ಬರೆಯಲು ನಿಮ್ಮ ಕಡೆ ಒಬ್ಬ ಗುಮಾಸ್ತರು ಫೈಲು ಹುಡುಕುತ್ತಾರೆ. ಇಬ್ಬರದೂ ಹೊತ್ತು ಹೋಗುತ್ತದೆ.

ಹಿಂದೆ ಯಾರೂ ಇದನ್ನು ಮಾಡಿಲ್ಲ ಅನ್ನುವ ಹಾಗೂ ಇಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರಿನಲ್ಲಿ ಒಂದು ಕಾರ್ಯಪಡೆ ಮಾಡಿದ್ದರು. ನಂದನ್ ನಿಲೇಕಣಿ ಅದರ ಅಧ್ಯಕ್ಷರು. ಪಾಲಿಕೆ, ಬಿಡಿಎ, ಜಲಮಂಡಳಿ, ವಿದ್ಯುತ್, ಬಸ್ಸು, ಪೊಲೀಸು, ಟೆಲಿಫೋನು, ಎಲ್ಲದರ ಮುಖ್ಯಸ್ಥರು ಆರು ತಿಂಗಳಿಗೊಮ್ಮೆ ಒಂದೇ ವೇದಿಕೆ ಹತ್ತುತ್ತಿದ್ದರು. ಹೋದ ಸಲ ಇದನ್ನು ಮಾಡುತ್ತೇವೆ ಅಂದಿದ್ದೆವು, ಇಷ್ಟು ಮಾಡಿದೆವು ಅಂತ ಮುಖ್ಯಮಂತ್ರಿ ಎದುರು, ಜನರ ಎದುರು ಹೇಳುತ್ತಿದ್ದರು. 2004ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಆರಿಸಿ ಬಂದ ಸದಸ್ಯರನ್ನು ಬದಿಗಿಟ್ಟರು, ದೊಡ್ಡವರ ಮಾತೇ ಜಾಸ್ತಿ ನಡೆಯಿತು ಅಂತ ಆಗ ಆಕ್ಷೇಪವೂ ಇತ್ತು. ಆ ಆಕ್ಷೇಪ ಸರಿ ಅಂತಲೇ ನನಗೂ ಅನ್ನಿಸುತ್ತದೆ. ಅದಕ್ಕೇ ಈ ಪತ್ರವನ್ನು ಸದಸ್ಯರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಮ್ಮ ವಾರ್ಡಿನ ಹಾಳೆ ನಮ್ಮ ವಾರ್ಡಿನ ಸದಸ್ಯರ ಸಹಿ ಹೊತ್ತು ಬರಲಿ. ಸದಸ್ಯರು ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲದಲ್ಲಿ ಅಂತೂ ಇದು ಇನ್ನೂ ಹೆಚ್ಚು ಬೇಕು, ಯಾಕೆಂದರೆ ಆಗ ನಮಗೆ ಬೀದಿಯಲ್ಲಿ ಸಿಗುವವರು ಯಾರೂ ಇರುವುದಿಲ್ಲ.

ಅದೇ ಬೆಂಗಳೂರಿನಲ್ಲಿ ಅದಕ್ಕೂ ಮುಂಚೆ, 1994ರಲ್ಲಿ, ಸ್ಯಾಮ್ಯುಯೆಲ್ ಪಾಲ್ ಅವರು ಜನರನ್ನೇ ಕೇಳಿ ಒಂದೊಂದು ಇಲಾಖೆಗೂ ಶಾಲೆ ಮಕ್ಕಳಿಗೆ ಕೊಡುವ ಹಾಗೆ ಅಂಕಪಟ್ಟಿ ಮಾಡಿದ್ದರು. ಅವರು ಶುರು ಮಾಡಿದ ಪಬ್ಲಿಕ್ ಅಫೇರ್ಸ್ ಸೆಂಟರ್‌ನವರು 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದರು. 2002ರಲ್ಲಿ ಪಾಲಿಕೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದೆ ಇಡುವ ಪ್ರಯತ್ನವೂ ನಡೆಯಿತು. ಇಷ್ಟು ದೊಡ್ಡ ಊರಿನಲ್ಲಿ ಆ ಕಾಲದಲ್ಲೇ ಇದೆಲ್ಲ ಸಾಧ್ಯವಾಯಿತು ಅಂದರೆ 31 ವಾರ್ಡಿನ ನಮ್ಮ ಊರಿಗೆ ಕಷ್ಟವೇ?

ಈಗ ದುಡ್ಡಿನ ಮಾತು. ಏಪ್ರಿಲ್ ಬಂದರೆ ನನ್ನ ಅಂಗಡಿ ಮುಂದೆ ಸಾಲು. ಆ ತಿಂಗಳೊಳಗೆ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಅಲ್ವಾ, ಅದಕ್ಕೆ. ಚಲನ್ ನೋಡಿ ಜನ ಕೇಳುತ್ತಾರೆ: 'ಅಕ್ಕಾ, ಇದೇನು ಗ್ರಂಥಾಲಯ ಕರ? ಇದೇನು ಭಿಕ್ಷುಕರ ಕರ?' ತೆರಿಗೆಯ ಮೇಲೆ ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಸೇರಿಸಿ ನಮ್ಮಿಂದ ತೆಗೆದುಕೊಳ್ಳುತ್ತೀರಿ. ಇದನ್ನು ನಾನು ಬಿಡಿಸಿ ಹೇಳಿದಾಗ ಯಾರೂ ಬೈಯುವುದಿಲ್ಲ. 'ಒಳ್ಳೇದಕ್ಕೇ ಅಲ್ವಾ, ಹೋಗ್ಲಿ' ಅನ್ನುತ್ತಾರೆ. ಮರುಕ್ಷಣ ಕೇಳುವ ಪ್ರಶ್ನೆ ಒಂದೇ: 'ನಮ್ಮೂರಿನ ಲೈಬ್ರರಿಗೆ ಎಷ್ಟು ಕೊಟ್ರು?' ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಲೆಕ್ಕಶಾಖೆಯಲ್ಲಿ ಇದೆ.

ಬಜೆಟ್ಟಿನಲ್ಲಿ ಎತ್ತಿಡುವ ಹಣದ ವಿಷಯವೂ ಹಾಗೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಕಚೇರಿಯವರಿಗೆ ಈ ಮೂರು ಅಂಕಿ ಬಾಯಿಪಾಠ. ಯಾರ ಹೆಸರಿನ ಹಣವೋ ಅವರಿಗೆ ಮಾತ್ರ ಗೊತ್ತಿಲ್ಲ. ಪೋಲಿಯೊದಿಂದ ಎರಡೂ ಕಾಲು ಹೋದ ಒಬ್ಬರು ಕೈಯಲ್ಲಿ ಪೆಡಲ್ ತಿರುಗಿಸುವ ಗಾಡಿಯಲ್ಲಿ ನನ್ನ ಅಂಗಡಿಗೆ ಬರುತ್ತಾರೆ. ಮೆಟ್ಟಿಲು ಇರುವುದರಿಂದ ನಾನೇ ಕೆಳಗಿಳಿದು ಅವರ ಕಾಗದ ತೆಗೆದುಕೊಳ್ಳುತ್ತೇನೆ. ಶೇ 5ರ ನಿಧಿಯಲ್ಲಿ ಮೋಟರ್ ಇರುವ ಗಾಡಿಗೆ ಅರ್ಜಿ ಕರೆದಿದ್ದರು ಅಂತ ಅವರಿಗೆ ಗೊತ್ತಾದದ್ದು ಕೊನೆಯ ದಿನ ಮುಗಿದು ಎರಡು ವಾರವಾದ ಮೇಲೆ. ಪ್ರಕಟಣೆ ಹಾಕಿದ್ದರು, ನಿಜ. ಮೊದಲ ಮಹಡಿಯ ನೋಟಿಸ್ ಬೋರ್ಡಿನಲ್ಲಿ. ಅವರು ಆ ಮೆಟ್ಟಿಲನ್ನು ಹೇಗೆ ಹತ್ತಬೇಕಿತ್ತು? ಇದನ್ನು ಬರೆಯುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಕೇಂದ್ರದಿಂದ ಬರುವ ಹಣದಲ್ಲೂ ಇದೇ ಮಾತು. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಬಳಸಬೇಕು ಅಂತ ಕಟ್ಟು ಹಾಕಿತ್ತು. ಲೆಕ್ಕಪತ್ರ ಜನರಿಗೆ ಆನ್‌ಲೈನ್‌ನಲ್ಲಿ ಸಿಗಬೇಕು, ಇಲ್ಲದಿದ್ದರೆ ಅನುದಾನಕ್ಕೆ ಅರ್ಹತೆಯೇ ಇಲ್ಲ ಅಂತಲೂ ಹೇಳಿತ್ತು. ಆನ್‌ಲೈನ್ ಒಳ್ಳೆಯದೇ. ಆದರೆ ಎಷ್ಟೋ ಪುಟಗಳ ಲೆಕ್ಕಪತ್ರವನ್ನು ಮೊಬೈಲಿನಲ್ಲಿ ತೆರೆದು, ಅದರಲ್ಲಿ ತನ್ನ ಬೀದಿ ಹುಡುಕಿಕೊಳ್ಳುವವರು ನಮ್ಮ ವಾರ್ಡಿನಲ್ಲಿ ಎಷ್ಟು ಜನ ಇದ್ದಾರು?

ಆರೋಗ್ಯ ಶಾಖೆಯ ಹಾಳೆಯಲ್ಲಿ ಒಂದು ವಿಷಯ ಖಂಡಿತ ಇರಬೇಕು. ಅದು ಪೌರಕಾರ್ಮಿಕರದು. ನಮ್ಮ ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕರು ಅನ್ನುವುದು ಸರ್ಕಾರದ್ದೇ ಲೆಕ್ಕ. ನಮ್ಮ ಊರಿಗೆ ಎಷ್ಟು ಜನ ಇರಬೇಕು, ಎಷ್ಟು ಜನ ಇದ್ದಾರೆ, ಈ ತಿಂಗಳು ಕೈಗವಸು, ಗಂಬೂಟು ಎಷ್ಟು ಜನರಿಗೆ ಸಿಕ್ಕಿತು, ಆರೋಗ್ಯ ತಪಾಸಣೆ ಯಾವತ್ತು ಆಯಿತು, ಸಂಬಳ ಯಾವ ತಾರೀಖಿಗೆ ಆಯಿತು, ಇಷ್ಟನ್ನು ಬರೆಯಿರಿ. ನಮ್ಮ ಬೀದಿ ಗುಡಿಸುವ ಅಮ್ಮ ಬೆಳಗ್ಗೆ ಆರು ಗಂಟೆಗೆ ನನ್ನ ಶಟರ್ ಮುಂದಿನ ಕಸವನ್ನು ಬರಿಗೈಯಲ್ಲಿ ಎತ್ತುವುದನ್ನು ನೋಡಿದ್ದೇನೆ. ಅದರಲ್ಲಿ ಒಡೆದ ಬಲ್ಬಿನ ಚೂರು ಇತ್ತು. ಜನರಿಗೆ ಈ ಲೆಕ್ಕ ಗೊತ್ತಾದರೆ ಒಡೆದ ಗಾಜನ್ನು ಹಸಿಕಸದ ಬುಟ್ಟಿಗೆ ಹಾಕುವ ಮುಂಚೆ ಸ್ವಲ್ಪ ಯೋಚನೆ ಮಾಡುತ್ತಾರೆ ಅಂತ ನನ್ನ ನಂಬಿಕೆ.

ನೀರಿನ ಬಗ್ಗೆ ಇನ್ನೊಂದು ಮಾತು. ಎಷ್ಟು ಸಲ ಬಂತು ಅನ್ನೋದರ ಜೊತೆಗೆ ಕುಡಿಯಲು ಸರಿ ಇತ್ತಾ ಅನ್ನೋದನ್ನೂ ಹೇಳಿ. ಕ್ಲೋರಿನ್ ಅಂಶ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಆದರೂ ನಲ್ಲಿಯ ತುದಿಯಲ್ಲಿ ಉಳಿದಿರಬೇಕು ಅಂತ ಇದೆಯಲ್ಲ, ಅದನ್ನು ನಿಮ್ಮವರು ಪರೀಕ್ಷೆ ಮಾಡುತ್ತಾರೆ. ಯಾವ ಬೀದಿಯ ಯಾವ ನಲ್ಲಿಯಲ್ಲಿ ನೋಡಿದರು, ಎಷ್ಟು ಬಂತು, ಅಷ್ಟು ಬರೆದರೆ ಸಾಕು. ಕಡಿಮೆ ಬಂದಿದ್ದರೆ ಕಾಯಿಸಿ ಕುಡಿಯುತ್ತೇವೆ.

ಹಾಳೆ ಹೇಗಿರಬೇಕು ಅಂತ ನಾನು ಒಂದು ಮಾದರಿ ಬರೆದು ನೋಡಿದೆ. ಅಂಕಿಗಳು ಸುಮ್ನೆ ಉದಾಹರಣೆಗೆ. 'ನೀರು: ಹೋದ ತಿಂಗಳು 8 ಸಲ ಬಿಡಬೇಕಿತ್ತು, 6 ಸಲ ಬಿಟ್ಟೆವು. ಮೋಟರ್ ಸುಟ್ಟಿತ್ತು, 14ನೇ ತಾರೀಖು ಸರಿಯಾಯಿತು. ಬೀದಿ ದೀಪ: 9 ಕೆಟ್ಟಿದ್ದವು, 5 ಸರಿ ಮಾಡಿದ್ದೇವೆ. ಉಳಿದ 4ಕ್ಕೆ ಸಾಮಾನು ಬರಬೇಕು, 20ನೇ ತಾರೀಖಿನೊಳಗೆ ಹಾಕುತ್ತೇವೆ. ಎರಡನೇ ಅಡ್ಡರಸ್ತೆ ಡಾಂಬರು: ಈ ತಿಂಗಳು ಆಗುವುದಿಲ್ಲ. ಮೂರನೇ ಅಡ್ಡರಸ್ತೆಯ ಯುಜಿಡಿ ಸಂಪರ್ಕ ಮುಗಿದ ಮೇಲೆ ಆಗುತ್ತದೆ. ಅಲ್ಲಿಯವರೆಗೆ ಚೇಂಬರ್ ಹತ್ತಿರ ಹುಷಾರು.' ಒಂದು ಹಾಳೆಯ ಒಂದು ಮಗ್ಗುಲು ಇದಕ್ಕೆ ಧಾರಾಳ ಸಾಕು. 'ಆಗುವುದಿಲ್ಲ' ಅನ್ನುವ ಮಾತಿಗೆ ದಯವಿಟ್ಟು ಹೆದರಬೇಡಿ. ಆಗದ್ದನ್ನು ಬರೆದ ಹಾಳೆಯನ್ನೇ ಜನ ನಂಬುತ್ತಾರೆ. ಎಲ್ಲವೂ ಆಯಿತು ಅಂತ ಬರೆದರೆ ಎರಡನೇ ತಿಂಗಳಿಂದ ಯಾರೂ ಓದುವುದಿಲ್ಲ.

ಖರ್ಚಿನ ಲೆಕ್ಕ ನನ್ನ ಕಸುಬಿನದ್ದು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. 31 ವಾರ್ಡು, ವಾರ್ಡಿಗೆ 20 ಹಾಳೆ. 620 ಹಾಳೆ. ಒಂದೇ ಮಗ್ಗುಲು, ಮಗ್ಗುಲಿಗೆ ಒಂದು ರೂಪಾಯಿ ಅಂದರೆ ತಿಂಗಳಿಗೆ 620 ರೂಪಾಯಿ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಹಾಲಿನ ಬೂತು, ನೀರಿನ ಟ್ಯಾಂಕಿನ ಗೋಡೆ, ಆಟೊ ಸ್ಟ್ಯಾಂಡು, ದೇವಸ್ಥಾನ, ಮಸೀದಿ ಇರುವ ಬೀದಿಯ ತಿರುವು, ಇಂಥ ಕಡೆ ಅಂಟಿಸಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಓದಲು ಬಾರದವರಿಗೂ ದಾರಿ ಇದೆ. ಕಸದ ಆಟೊದಲ್ಲಿ ದಿನಾ ಮೈಕ್ ಇರುತ್ತದೆ. ಹಸಿಕಸ ಒಣಕಸ ಬೇರೆ ಮಾಡಿ ಅಂತ ಹಾಡು ಬರುತ್ತದೆ. ತಿಂಗಳಿಗೆ ಮೂರು ದಿನ ಆ ಹಾಡಿನ ಜೊತೆಗೆ ಎರಡು ನಿಮಿಷ ವಾರ್ಡಿನ ಸುದ್ದಿ ಬರಲಿ. ಆ ಹೊತ್ತಿಗೆ ಎಲ್ಲ ಮನೆಯವರೂ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ.

ನಿಮ್ಮ ಕಚೇರಿಯವರೊಬ್ಬರ ಹತ್ತಿರ ಈ ವಿಷಯ ಮಾತಾಡಿದೆ. 'ಎಲ್ಲ ಹೇಳಿಬಿಟ್ರೆ ಜನ ದಿನಾ ಬಂದು ಜಗಳ ಆಡ್ತಾರಕ್ಕ' ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಇರುವ ಸಿಬ್ಬಂದಿ ಕಡಿಮೆ, ಒಬ್ಬರ ಮೇಲೆ ಮೂರು ಮೂರು ವಾರ್ಡಿನ ಕೆಲಸ. ಬೆಳಗ್ಗೆಯಿಂದ ಬೈಸಿಕೊಂಡು ಸಂಜೆ ನನ್ನ ಅಂಗಡಿ ಮುಂದೆ ಟೀ ಕುಡಿಯುತ್ತಾ ಸುಮ್ಮನೆ ನಿಂತಿರುವವರನ್ನು ನೋಡಿದ್ದೇನೆ. ಆದರೆ ಜನ ಈಗಲೂ ಜಗಳಕ್ಕೆ ಬರುತ್ತಿದ್ದಾರಲ್ಲ. ಏನೂ ಗೊತ್ತಿಲ್ಲದೆ ಬರುತ್ತಿದ್ದಾರೆ, ಅದಕ್ಕೇ ಜಗಳ ಯಾರ ಮೇಲೋ ಹೋಗಿ ಬೀಳುತ್ತದೆ. ಬಿಲ್ ಕಲೆಕ್ಟರಿಗೆ ಚರಂಡಿ ವಿಷಯಕ್ಕೆ ಬೈಯುತ್ತಾರೆ. ನಮ್ಮೂರ ಪಿಡಿಒ ಚಪ್ಪಡಿ ತೋರಿಸಿದ ಮೇಲೆ ಅವರಿಗೆ ಯಾರೂ ಬೈಯಲಿಲ್ಲ.

ಮೊದಲ ತಿಂಗಳು 31 ವಾರ್ಡಿಗೂ ಆಗದಿದ್ದರೆ ಒಂದೇ ವಾರ್ಡಿನಿಂದ ಶುರು ಮಾಡಿ. ನಮ್ಮ ವಾರ್ಡೇ ಆಗಬೇಕು ಅಂತಲೂ ಇಲ್ಲ. ಕೆರೆ ಅಂಗಳದ ವಾರ್ಡಿನಿಂದ ಶುರುವಾದರೆ ಇನ್ನೂ ಒಳ್ಳೆಯದು, ಮಳೆ ಬಂದರೆ ಅಲ್ಲಿ ಮನೆ ಒಳಗೆ ನೀರು ಬರುತ್ತದೆ. ವರ್ಷಕ್ಕೊಂದು ಸಲ ಪುರಭವನದ ಬಾಗಿಲು ತೆಗೆದು, ಹಳ್ಳಿಯ ಜಮಾಬಂದಿಯ ಹಾಗೆ ನಾವೆಲ್ಲ ಕೂರುವ ಒಂದು ಸಭೆ ಕರೆಯಿರಿ. ಟೇಪು ನಾವೇ ತರುತ್ತೇವೆ.

ನಮ್ಮ ವಾರ್ಡಿನ 20 ಹಾಳೆಯನ್ನು ಪ್ರತಿ ತಿಂಗಳು ನಾನು ದುಡ್ಡಿಲ್ಲದೆ ಮಾಡಿಕೊಡುತ್ತೇನೆ. ಅಂಗಡಿ ಶಟರ್ ಪಕ್ಕದ ಗೋಡೆಯಲ್ಲಿದ್ದ ಹಳೇ ಪೋಸ್ಟರುಗಳನ್ನು ಹೋದ ಭಾನುವಾರ ಕೆರೆದು ತೆಗೆದು ಸುಣ್ಣ ಬಳಿಸಿದ್ದೇನೆ. ಎದೆಮಟ್ಟದಲ್ಲಿ ಅಂಟಿಸುತ್ತೇನೆ, ಗಾಡಿಯಲ್ಲಿ ಕೂತವರಿಗೂ ಕಾಣಬೇಕು. ಮುಂದಿನ ತಿಂಗಳು ಫೈಲು ಹಿಡಿದು ಬರುವವರ ಕೈಯಲ್ಲಿ ಆ ಒಂದು ಹಾಳೆಯನ್ನೂ ಕಳಿಸಿಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ನಗರಸಭೆ ಎದುರಿನ ಝೆರಾಕ್ಸ್ ಅಂಗಡಿಯವಳು